ಪೋಷಕರ ಸಭೆ ಯಾರ ಹೊತ್ತಿಗೆ? ಮಂಡ್ಯ ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಉಪನಿರ್ದೇಶಕರು,
ಶಾಲಾ ಶಿಕ್ಷಣ ಇಲಾಖೆ,
ಮಂಡ್ಯ ಜಿಲ್ಲೆ.

ವಿಷಯ: ಒಂದರಿಂದ ಮೂರನೆಯ ತರಗತಿವರೆಗಿನ ಮಕ್ಕಳ ಪೋಷಕರ ಸಭೆಗಳನ್ನು ಪೋಷಕರು ಬರಬಲ್ಲ ಹೊತ್ತಿನಲ್ಲಿ, ಮಕ್ಕಳ ಕಲಿಕೆಯನ್ನೇ ಮೊದಲ ವಿಷಯವಾಗಿಟ್ಟುಕೊಂಡು ನಡೆಸುವ ಬಗ್ಗೆ.

ಮಾನ್ಯರೇ,

ನಾನು ಕಂಡಿರುವ ಕೆಲವು ಪ್ರಾಥಮಿಕ ಶಾಲೆಗಳ ಪೋಷಕರ ಸಭೆಯ ನಡಾವಳಿ ಪುಸ್ತಕವನ್ನಷ್ಟೇ ಓದಿದವರಿಗೆ, ಆ ಊರುಗಳ ತಂದೆತಾಯಂದಿರೆಲ್ಲ ತಪ್ಪದೆ ಶಾಲೆಗೆ ಬಂದು, ಮಕ್ಕಳ ಪ್ರಗತಿಯನ್ನು ಕೂಲಂಕಷವಾಗಿ ಚರ್ಚಿಸಿ, ಸರ್ವಾನುಮತದಿಂದ ತೀರ್ಮಾನ ಕೈಗೊಂಡು ಮನೆಗೆ ಮರಳುತ್ತಾರೆ ಎಂಬ ಭಾವನೆ ಬರುತ್ತದೆ. ಸಭೆಯ ದಿನ ಆ ಕೊಠಡಿಯಲ್ಲಿ ಕುಳಿತವರು ಕಾಣುವುದು ಬೇರೆ. ಪುಸ್ತಕದಲ್ಲಿರುವುದಕ್ಕೂ ಕೊಠಡಿಯಲ್ಲಿ ನಡೆಯುವುದಕ್ಕೂ ಇರುವ ಈ ಅಂತರದ ಕಡೆಗೆ, ಅದರಿಂದ ಆರೇಳು ವರ್ಷದ ಮಕ್ಕಳಿಗೆ ಆಗುತ್ತಿರುವ ನಷ್ಟದ ಕಡೆಗೆ ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಕಚೇರಿಗೆ ಒಂದು ಮನವಿ ಕೊಟ್ಟು ಸುಮ್ಮನಿರಬಹುದಿತ್ತು. ಆದರೆ ಶಾಲೆಯ ಹೆಸರು ಹಾಕಿ ಮನವಿ ಕೊಟ್ಟರೆ ಅಲ್ಲಿಯ ಮುಖ್ಯ ಶಿಕ್ಷಕರಿಗೆ ಒಂದು ನೋಟಿಸು ಹೋಗುತ್ತದೆ, ಅವರೊಂದು ಸಮಜಾಯಿಷಿ ಬರೆಯುತ್ತಾರೆ, ಕಡತ ಮುಗಿಯುತ್ತದೆ. ನನ್ನ ದೂರು ಯಾವ ಒಬ್ಬ ಶಿಕ್ಷಕರ ಮೇಲೂ ಅಲ್ಲದ್ದರಿಂದ ಎಲ್ಲರೂ ಓದುವಂತೆ ಬರೆದಿದ್ದೇನೆ.

ಮಂಡ್ಯ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಬಹುಕಾಲ ಕೆಲಸ ಮಾಡಿ, ಅದರಲ್ಲಿ ಹೆಚ್ಚಿನ ವರ್ಷಗಳನ್ನು ಆಟ, ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯ ನೆಲದ ಮೇಲೆ ಮಕ್ಕಳ ಜೊತೆ ಕುಳಿತೇ ಕಳೆದು ನಿವೃತ್ತಳಾದ ಶಿಕ್ಷಕಿ ನಾನು. ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ, ಮಗ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿಯ ಕೆಲಸಕ್ಕೆ ಹೋಗುವುದರಿಂದ, ಈಗ ಮೊಮ್ಮಗಳ ಪೋಷಕಿಯಾಗಿ ಸಭೆಗೆ ಹೋಗುವವಳೂ ನಾನೇ. ಹೀಗಾಗಿ ಕರೆಯುವವರ ಕಷ್ಟವೂ ಬರಲಾರದವರ ಕಷ್ಟವೂ ನನಗೆ ತಿಳಿದಿದೆ.

ಕಳೆದ ಶೈಕ್ಷಣಿಕ ವರ್ಷದ ಒಂದು ಸಭೆಯನ್ನು ಹೇಳುತ್ತೇನೆ. ನಾನು ಹೋದ ಉಳಿದ ಸಭೆಗಳು ಇದಕ್ಕಿಂತ ತೀರ ಭಿನ್ನವಾಗಿರಲಿಲ್ಲ. ಶನಿವಾರ ಬೆಳಗಿನ ತರಗತಿ ಮುಗಿಯುವ ಹೊತ್ತಿಗೆ ಸಭೆ ಎಂದು ಹಿಂದಿನ ದಿನ ಮಕ್ಕಳ ಬಾಯಲ್ಲಿ ಹೇಳಿ ಕಳುಹಿಸಿದ್ದರು. ಬಂದವರಲ್ಲಿ ಅಜ್ಜಿಯರೇ ಹೆಚ್ಚು, ತಾಯಂದಿರು ಕೆಲವರು, ಗಂಡಸರೆಂದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಮತ್ತು ಅವರ ಜೊತೆ ಬಂದವರು. ಮೊದಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವ ಮಾತು, ನಂತರ ಸಮವಸ್ತ್ರ ಮತ್ತು ಶೂಗಳ ಮಾತು, ಅದಾದ ಮೇಲೆ ಕಾಂಪೌಂಡಿನ ಗೇಟು, ಕೊನೆಗೆ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಯಾರು ಎಷ್ಟು ಕೊಡುವುದು ಎಂಬ ಚರ್ಚೆ ನಡೆಯಿತು. ಇವು ಬೇಡದ ವಿಷಯಗಳೆಂದು ನಾನು ಹೇಳುತ್ತಿಲ್ಲ. ಆದರೆ ಗೇಟಿನ ಮಾತು ಮುಗಿಯುವಷ್ಟರಲ್ಲಿ ಸಭೆಯ ಹೊತ್ತೂ ಮುಗಿದಿತ್ತು. ಅಪ್‌ಲೋಡ್ ಮಾಡಲೆಂದು ಫೋಟೊ ತೆಗೆದರು. ಕೊಠಡಿ ತುಂಬಿದಂತೆ ಕಾಣಲೆಂದು ದೊಡ್ಡ ತರಗತಿಯ ಮಕ್ಕಳನ್ನೂ ಹಿಂದೆ ಕೂರಿಸಿದರು. ಸೋಮವಾರ ಬಾರದವರ ಸಹಿಗಾಗಿ ಪುಸ್ತಕವು ಮಕ್ಕಳ ಕೈಯಲ್ಲಿ ಬೀದಿ ಬೀದಿ ಸುತ್ತಿತು. ನಮ್ಮ ಪಕ್ಕದ ಮನೆಯಾಕೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದ್ದನ್ನು ನಾನೇ ನೋಡಿದೆ. ಯಾವ ಸಭೆಯೆಂದು ಆಕೆ ಕೇಳಲಿಲ್ಲ, ಪುಸ್ತಕ ತಂದ ಹುಡುಗನೂ ಹೇಳಲಿಲ್ಲ.

ಆ ಸಭೆಯಲ್ಲಿ ಕಲಿಕೆಯ ಬಗ್ಗೆ ಬಾಯಿ ತೆರೆದದ್ದು ಒಬ್ಬ ತಾಯಿ ಮಾತ್ರ. ಎಲ್ಲರೂ ಏಳುವ ಹೊತ್ತಿಗೆ ಆಕೆ, "ನಮ್ ಹೈದ ಏನ್ ಕಲ್ತವ್ನೆ ಮೇಡಂ?" ಎಂದು ಕೇಳಿದಳು. "ಪರವಾಗಿಲ್ಲಮ್ಮ, ಚೆನ್ನಾಗೇ ಇದ್ದಾನೆ, ಮನೇಲಿ ಸ್ವಲ್ಪ ಓದ್ಸಿ" ಎಂಬ ಉತ್ತರ ಬಂತು. "ಓದ್ಸಕೆ ನಂಗೇ ಬರಕಿಲ್ವಲ್ಲ" ಎಂದಳು. "ಹಾಗಾದ್ರೆ ಯಾರತ್ರನಾದ್ರೂ ಟ್ಯೂಷನ್‌ಗೆ ಕಳಿಸಿ" ಎಂದು ಶಿಕ್ಷಕಿ ಪುಸ್ತಕ ಮಡಚಿದರು. ಆಕೆ ಕೇಳಿದ್ದು ನೇರವಾದ ಪ್ರಶ್ನೆ. ಮಗು ಯಾವ ಅಕ್ಷರಗಳನ್ನು ಗುರುತಿಸುತ್ತಾನೆ, ಒತ್ತಕ್ಷರವಿಲ್ಲದ ಪದಗಳನ್ನು ತಾನಾಗಿ ಓದುತ್ತಾನೆಯೇ, ಎಷ್ಟರವರೆಗೆ ಎಣಿಸಿ ಕೂಡುತ್ತಾನೆ, ತರಗತಿಯಲ್ಲಿ ಮಾತಾಡುತ್ತಾನೆಯೇ ಸುಮ್ಮನಿರುತ್ತಾನೆಯೇ ಎಂಬ ನಾಲ್ಕು ಸಂಗತಿಗಳನ್ನು ಹೇಳಿದ್ದರೆ ಆಕೆಗೆ ಹಿಡಿಯಲು ಒಂದು ಎಳೆ ಸಿಗುತ್ತಿತ್ತು. ಸಿಕ್ಕಿದ್ದು "ಪರವಾಗಿಲ್ಲ" ಎಂಬ ಮಾತು, ಮತ್ತು ಓದುಬರಹ ಬಾರದ ತಾಯಿಗೆ ಮಗುವಿನ ಕಲಿಕೆಯಲ್ಲಿ ದುಡ್ಡು ಕೊಡುವುದರ ಹೊರತು ಪಾಲಿಲ್ಲ ಎಂಬ ತೀರ್ಪು. ಆ ಶಿಕ್ಷಕಿ ಕೆಟ್ಟವರಲ್ಲ. ಒಂದರಿಂದ ಮೂರರವರೆಗಿನ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಒಬ್ಬರೇ ನಿಭಾಯಿಸುವವರು. ಇದಕ್ಕಿಂತ ಹೆಚ್ಚಿನದನ್ನು ಪೋಷಕರಿಗೆ ಹೇಳಬೇಕೆಂದು ಅವರಿಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟಂತಿಲ್ಲ.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಸೆಕ್ಷನ್, ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ ಮತ್ತು ಕಲಿಕೆಯಲ್ಲಿ ಆದ ಪ್ರಗತಿಯನ್ನು ಅವರಿಗೆ ತಿಳಿಸುವುದನ್ನು ಶಿಕ್ಷಕರ ಕರ್ತವ್ಯಗಳಲ್ಲಿ ಒಂದಾಗಿ ಸೇರಿಸಿದೆ. 21ನೆಯ ಸೆಕ್ಷನ್ನಿನ ಪ್ರಕಾರ ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ರಾಜ್ಯವಂತೂ ಈ ಕಾಯ್ದೆಗಿಂತ ಮೊದಲೇ, 2001ರಲ್ಲಿಯೇ, ಎಸ್‌ಡಿಎಂಸಿಗಳನ್ನು ರಚಿಸಿತ್ತು. ಸಮುದಾಯದತ್ತ ಶಾಲೆ ಎಂಬ ಕಾರ್ಯಕ್ರಮವೂ ನಮ್ಮಲ್ಲಿಯೇ ಹುಟ್ಟಿತು. ಮಗುವಿನ ಬರವಣಿಗೆಯನ್ನು, ಅಂಕಗಳನ್ನು ಪೋಷಕರ ಮುಂದಿಟ್ಟು ಮಾತಾಡಬೇಕೆಂಬುದೇ ಅದರ ಉದ್ದೇಶ. ಆದ್ದರಿಂದ ನಾನು ಹೊಸ ಯೋಜನೆಯೊಂದನ್ನು ಬೇಡುತ್ತಿಲ್ಲ. ಇರುವುದನ್ನು ಯಾವ ಹೊತ್ತಿನಲ್ಲಿ, ಯಾವ ಮಾತಿನಿಂದ ನಡೆಸುತ್ತೇವೆ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಹೊತ್ತಿನ ಮಾತು. "ಪೋಷಕರಿಗೆ ಆಸಕ್ತಿಯೇ ಇಲ್ಲ, ಎಷ್ಟು ಕರೆದರೂ ಬರುವುದಿಲ್ಲ" ಎಂಬ ದೂರನ್ನು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಗಳಲ್ಲಿ ನಾನು ಕೇಳುತ್ತಲೇ ಬಂದಿದ್ದೇನೆ. ನಮ್ಮ ಜಿಲ್ಲೆಯ ತಾಯಂದಿರು ಶನಿವಾರ ಬೆಳಿಗ್ಗೆ ಎಲ್ಲಿರುತ್ತಾರೆ ಎಂದು ಆ ಸಭೆಗಳಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ಮದ್ದೂರು, ಗೆಜ್ಜಲಗೆರೆ ಕಡೆಯ ಗಾರ್ಮೆಂಟ್ಸ್‌ಗಳಿಗೆ ಹೋಗುವ ಹೆಣ್ಣುಮಕ್ಕಳನ್ನು ಕರೆದೊಯ್ಯುವ ವಾಹನ ಮಕ್ಕಳು ಏಳುವ ಹೊತ್ತಿಗೆಲ್ಲ ಊರ ಬಾಗಿಲಿಗೆ ಬಂದಿರುತ್ತದೆ. ಅವರಿಗೆ ಶನಿವಾರವೂ ದುಡಿಮೆಯ ದಿನ, ಬಿಡುವು ಭಾನುವಾರ ಮಾತ್ರ. ಸಭೆಗೆಂದು ಒಂದು ದಿನ ತಪ್ಪಿಸಿದರೆ ಆ ದಿನದ ಸಂಬಳ ಹೋಗುತ್ತದೆ, ಜೊತೆಗೆ ಸೂಪರ್‌ವೈಸರನ ಮಾತು ಕೇಳಬೇಕು. ವಿಶ್ವೇಶ್ವರಯ್ಯ ನಾಲೆಯಲ್ಲಿ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಂತೆ ನೀರು ಬಿಟ್ಟ ದಿನಗಳಲ್ಲಿ ಗದ್ದೆಗೆ ನೀರು ಕಟ್ಟುವವರು ಹಗಲು ರಾತ್ರಿ ಬದುವಿನ ಮೇಲಿರುತ್ತಾರೆ. ನಾಟಿಯ ವಾರ, ಕಾರ್ಖಾನೆಯಿಂದ ಕಬ್ಬಿನ ಕಟಾವಿಗೆ ಒಪ್ಪಿಗೆ ಸಿಕ್ಕ ವಾರ, ಮಳವಳ್ಳಿ ಕಡೆಯ ಮನೆಗಳಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ವಾರ, ಇವುಗಳಲ್ಲಿ ಸಭೆ ಇಟ್ಟರೆ ಬರುವವರು ವಯಸ್ಸಾದವರು ಮಾತ್ರ. ನಾಗಮಂಗಲ, ಕೃಷ್ಣರಾಜಪೇಟೆ ಕಡೆಯ ಎಷ್ಟೋ ಮನೆಗಳಲ್ಲಿ ತಂದೆತಾಯಿ ಬೆಂಗಳೂರಿನಲ್ಲಿ ದುಡಿಯುತ್ತಿರುತ್ತಾರೆ, ಮಗು ಅಜ್ಜ ಅಜ್ಜಿಯ ಹತ್ತಿರ ಬೆಳೆಯುತ್ತಿರುತ್ತದೆ. ಇವರನ್ನೆಲ್ಲ ನಿರ್ಲಕ್ಷ್ಯದ ಪೋಷಕರೆಂದು ಕರೆಯುವುದು ಅನ್ಯಾಯ.

ಅದೇ ಊರಿನಲ್ಲಿ, ಅದೇ ಜನ, ಪ್ರತಿದಿನ ಸಂಜೆ ತಪ್ಪದೆ ಒಂದು ಕಡೆ ಸೇರುತ್ತಾರೆ ಎಂಬುದನ್ನೂ ನಾವು ಕಾಣಬೇಕು. ಹಾಲಿನ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲಿನಲ್ಲಿ ನಿಲ್ಲುವವರಲ್ಲಿ ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ, ಜೊತೆಗೆ ಮಕ್ಕಳೂ ಇರುತ್ತಾರೆ. ಸಂಜೆ ಹಾಲು ಹಾಕಿದ ಮೇಲೆ ಡೇರಿಯ ಪಕ್ಕದ ಸಮುದಾಯ ಭವನದಲ್ಲೋ ಗುಡಿಯ ಜಗಲಿಯ ಮೇಲೋ ಒಂದು ಗಂಟೆ ಕುಳಿತರೆ, ಶನಿವಾರ ಬೆಳಗಿನ ಸಭೆಗೆ ಸೇರುವವರಿಗಿಂತ ಎಷ್ಟೋ ಹೆಚ್ಚು ಜನ ಸೇರುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇದು ಬರೀ ಊಹೆಯಲ್ಲ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ಆಗಸ್ಟ್‌ನಲ್ಲಿ ಇಲಾಖೆಯೇ ವಿದ್ಯಾಗಮ ಆರಂಭಿಸಿದಾಗ ನಾವು ಶಿಕ್ಷಕರು ಕಾರ್ಡು, ಸೀಮೆಸುಣ್ಣ ಹಿಡಿದು ಬೀದಿಗಳಿಗೆ ಹೋದೆವು. ಮಾರಮ್ಮನ ಗುಡಿಯ ಜಗಲಿ ನನ್ನ ತರಗತಿಯಾಯಿತು. ನನ್ನ ಸೇವೆಯಲ್ಲಿ ಪೋಷಕರು ಪಾಠವನ್ನು ಕಣ್ಣಾರೆ ಕಂಡದ್ದು ಆಗಲೇ. ಎದುರು ಮನೆಯ ಅಜ್ಜಿ ಅಲಸಂದೆಕಾಯಿ ಬಿಡಿಸುತ್ತ ಕುಳಿತು ಕೇಳಿಸಿಕೊಳ್ಳುತ್ತಿದ್ದವರು, ಒಂದು ವಾರ ಕಳೆದ ಮೇಲೆ ತಾವೇ ಮಕ್ಕಳಿಗೆ ಒಗಟು ಹಾಕತೊಡಗಿದರು. ಕಾಳನ್ನು ಹತ್ತು ಹತ್ತರ ಗುಂಪು ಮಾಡಿ ಎಣಿಸಲು ಕೊಟ್ಟರು. ಮಗು ತಪ್ಪಾಗಿ ಓದಿದಾಗ ನಾನು ಗದರದೆ ಅದೇ ಪದವನ್ನು ಇನ್ನೊಮ್ಮೆ ನಿಧಾನವಾಗಿ ತೋರಿಸುವುದನ್ನು ನೋಡಿದ ತಾಯಿಯೊಬ್ಬಳು, "ನಾವು ಬಡ್ದೇ ಕಲಿಸ್ಬೇಕು ಅಂದ್ಕಂಡಿದ್ವಿ" ಎಂದು ನಕ್ಕಳು. ಆ ನಗುವಿನ ಹಿಂದೆ ನಾಚಿಕೆಯೂ ಇತ್ತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು, ಹೊಸ ವರ್ಷದಲ್ಲಿ ಶಾಲೆಯ ಆವರಣದೊಳಗೆ ಮತ್ತೆ ಆರಂಭವಾಯಿತು. ನಿಲ್ಲಿಸಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಜೀವದ ಪ್ರಶ್ನೆ ಅದು. ಆದರೆ ಜಗಲಿಯಲ್ಲಿ ನಾವು ಪೋಷಕರಿಂದ ಕಲಿತದ್ದನ್ನು, ಅವರು ನಮ್ಮಿಂದ ಕಲಿತದ್ದನ್ನು ಯಾರೂ ಬರೆದಿಡಲಿಲ್ಲ, ಶಾಲೆ ತೆರೆದ ಮೇಲೆ ಮುಂದುವರಿಸಲೂ ಇಲ್ಲ.

ಓದುಬರಹ ಬಾರದ ಪೋಷಕರು ಏನು ಮಾಡಬಲ್ಲರು ಎಂಬ ಪ್ರಶ್ನೆಗೆ ಆ ಜಗಲಿಯಲ್ಲೇ ಉತ್ತರ ಇತ್ತು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 70 ಇತ್ತು, ಹೆಂಗಸರಲ್ಲಿ ಅದಕ್ಕಿಂತ ಕಡಿಮೆ. ಈಗಿನ ಚಿಕ್ಕ ಮಕ್ಕಳ ತಾಯಂದಿರಲ್ಲಿ ಶಾಲೆ ಕಂಡವರೇ ಹೆಚ್ಚಾದರೂ, ಹಗಲೆಲ್ಲ ಮಗುವನ್ನು ನೋಡಿಕೊಳ್ಳುವ ಅಜ್ಜಿಯರಲ್ಲಿ ಅನೇಕರಿಗೆ ಅಕ್ಷರ ಬಾರದು. ಇವರಿಗೆ "ಮನೇಲಿ ಓದ್ಸಿ" ಎನ್ನುವುದರಿಂದ ಪ್ರಯೋಜನವಿಲ್ಲ. ಆದರೆ ಆರು ವರ್ಷದ ಮಗುವಿನ ಓದಿಗೆ ಬುನಾದಿ ಬೀಳುವುದು ಮಾತಿನಿಂದ; ಹೆಚ್ಚು ಪದಗಳನ್ನು ಕೇಳಿ, ಆಡಿ ಗೊತ್ತಿರುವ ಮಗುವಿಗೆ ಪುಸ್ತಕದಲ್ಲಿ ಅದೇ ಪದ ಎದುರಾದಾಗ ಅರ್ಥ ಮೊದಲೇ ತಿಳಿದಿರುತ್ತದೆ, ಅಕ್ಷರ ಕೂಡಿಸುವ ಶ್ರಮವೊಂದೇ ಉಳಿಯುತ್ತದೆ. ಮಂಟೇಸ್ವಾಮಿ, ಮಾದಪ್ಪನ ಕಥೆಗಳನ್ನು ರಾತ್ರಿಯೆಲ್ಲ ಕೇಳಿ ಬೆಳೆದ ಅಜ್ಜಿಯ ಬಾಯಲ್ಲಿರುವಷ್ಟು ಪದಗಳು ನಮ್ಮ ಒಂದನೆಯ ತರಗತಿಯ ಪುಸ್ತಕದಲ್ಲಿಲ್ಲ. ಶಾಲೆಯಿಂದ ಬಂದ ಮಗುವನ್ನು "ಇವತ್ತು ಏನಾಯ್ತು?" ಎಂದು ಕೇಳಿ, ಅದು ಹೇಳಿದ ಮೇಲೆ "ಆಮೇಲೆ?" ಎಂದು ಇನ್ನೊಂದು ಮಾತು ಕೇಳುವುದು, ಅಳಗುಳಿಮಣೆಯ 14 ಗುಳಿಗಳಿಗೆ ಹುಣಸೆಬೀಜ ಹಂಚುವಾಗ ಲೆಕ್ಕವನ್ನು ಮಗುವಿಗೇ ಬಿಡುವುದು, ಡೇರಿಯ ಚೀಟಿಯಲ್ಲಿರುವ ಲೀಟರು ಮತ್ತು ಹಣವನ್ನು ಎರಡನೆಯ ತರಗತಿಯ ಹುಡುಗಿಯಿಂದ ಓದಿಸಿ ನಿನ್ನೆಗಿಂತ ಇವತ್ತು ಎಷ್ಟು ಹೆಚ್ಚು ಎಂದು ಕೇಳುವುದು, ಇವು ಯಾವ ತಾಯಿಗೂ ಅಜ್ಜಿಗೂ ಅಸಾಧ್ಯವಾದವಲ್ಲ. ಇದೂ ಕಲಿಕೆಯೇ ಎಂದು ಶಾಲೆ ಅವರಿಗೆ ಹೇಳಬೇಕು, ಅಷ್ಟೇ. ಶಾಲೆ ಹೇಳುವವರೆಗೆ ಅವರು ಅದನ್ನು ಕಲಿಕೆಯೆಂದು ಎಣಿಸುವುದೇ ಇಲ್ಲ. ಟ್ಯೂಷನ್ನೇ ಕಲಿಕೆ ಎಂದುಕೊಂಡಿರುತ್ತಾರೆ.

ನಲಿ-ಕಲಿಯ ಮಾತನ್ನೂ ಇಲ್ಲಿ ಹೇಳಬೇಕು. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ಋಷಿ ವ್ಯಾಲಿಯ ಮಾದರಿಯನ್ನು ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ರೂಪಿಸಿದ ಈ ಪದ್ಧತಿ ರಾಜ್ಯದ ಎಲ್ಲೆಡೆ ಹಬ್ಬಿದ್ದು ನಮ್ಮ ಸೀಮೆಗೆ ಹೆಮ್ಮೆಯ ಸಂಗತಿ. ಆದರೆ ಅದರ ಕಾರ್ಡುಗಳು ತಟ್ಟೆಯಲ್ಲಿ, ಮಕ್ಕಳ ಚಿತ್ರಗಳು ತಲೆಯ ಮೇಲೆ ಕಟ್ಟಿದ ಚಪ್ಪರದಲ್ಲಿ, ಪ್ರತಿ ಮಗುವಿನ ಕಲಿಕೆ ಎಲ್ಲಿಗೆ ಬಂದಿದೆ ಎಂದು ಗುರುತಿಸುವ ಪ್ರಗತಿ ನೋಟ ಗೋಡೆಯ ಮೇಲೆ ಉಳಿಯುತ್ತವೆ. ಮನೆಗೆ ಬರುವ ಚೀಲದಲ್ಲಿ ಪೋಷಕರ ಕಣ್ಣಿಗೆ ಬೀಳುವುದು ಕಡಿಮೆ. "ನಲಿ-ಕಲೀಲಿ ಬರೀ ಆಟ" ಎಂಬ ದೂರು ಹುಟ್ಟಿದ್ದು ಇದರಿಂದಲೇ. ಕಲಿಯಬೇಕಾದುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತನ್ನ ಮಗು ಎಲ್ಲಿ ನಿಂತಿದೆ ಎಂದು ಒಮ್ಮೆ ಬೆರಳಿಟ್ಟು ತೋರಿಸಿದರೆ ಯಾವ ತಾಯಿಯೂ ಹಾಗೆನ್ನುವುದಿಲ್ಲ. ಚಿಹ್ನೆಗಳಿಂದಲೇ ನಡೆಯುವ ಪದ್ಧತಿಯಾದ್ದರಿಂದ ಅಕ್ಷರ ಬಾರದವರಿಗೂ ಅದು ತಿಳಿಯುತ್ತದೆ. ನನ್ನ ತರಗತಿಗೆ ಬಂದ ಪೋಷಕರಿಗೆ ನಾನು ಮೊದಲು ತೋರಿಸುತ್ತಿದ್ದದ್ದು ಪ್ರಗತಿ ನೋಟವನ್ನೇ. ದೂರು ಕೊಡಲೆಂದು ಬಂದವರು ಮುಂದಿನ ಮೆಟ್ಟಿಲು ಯಾವುದೆಂದು ಕೇಳಿಕೊಂಡು ಹೋದದ್ದುಂಟು. ಇಷ್ಟು ಸುಲಭವಾಗಿ ಪೋಷಕರಿಗೆ ತೆರೆಯಬಹುದಾದ ತರಗತಿಯನ್ನು ನಾವು ಅವರಿಗೆ ಮುಚ್ಚಿಟ್ಟು, ಅದೇ ಪೋಷಕರು ಮಕ್ಕಳನ್ನು ಕಾನ್ವೆಂಟಿನ ವ್ಯಾನು ಹತ್ತಿಸಿದಾಗ ದಾಖಲಾತಿ ಇಳಿಯಿತೆಂದು ಕೊರಗುತ್ತೇವೆ.

ತಂದೆಯರ ವಿಷಯ ನನಗೆ ಹೆಚ್ಚು ಬೇಸರ ತರಿಸುತ್ತದೆ. ಎಸ್‌ಡಿಎಂಸಿ ಅಧ್ಯಕ್ಷಗಿರಿಗೆ ಕೆಲವು ಊರುಗಳಲ್ಲಿ ನಡೆಯುವ ಪೈಪೋಟಿ ಡೇರಿ ಚುನಾವಣೆಯ ಪೈಪೋಟಿಗೆ ಕಡಿಮೆಯಿಲ್ಲ. ಬಣಗಳಾಗುತ್ತವೆ, ಪಕ್ಷಗಳು ಬರುತ್ತವೆ. ಹಾಗೆ ಗೆದ್ದು ಬಂದವರಲ್ಲಿ ತಮ್ಮ ಸ್ವಂತ ಮಗುವಿನ ನೋಟ್‌ಬುಕ್ ತೆರೆದು ನೋಡಿದವರು ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಕಾಂಪೌಂಡು, ಕೊಠಡಿ, ಅನುದಾನ ಗಂಡಸರ ಕೆಲಸ. ಮಗುವಿನ ಓದು, ಜ್ವರ, ಜಡೆ ಹೆಂಗಸರ ಕೆಲಸ ಎಂಬ ಹಂಚಿಕೆಯನ್ನು ನಮ್ಮ ಶಾಲೆಗಳೂ ಒಪ್ಪಿಕೊಂಡುಬಿಟ್ಟಿವೆ. ಕರೆಯೋಲೆ ಹೋಗುವುದೂ "ತಾಯಂದಿರು ತಪ್ಪದೆ ಬನ್ನಿ" ಎಂದೇ. ಇನ್ನು ವಾಟ್ಸಾಪ್ ಗುಂಪಿನಲ್ಲಿರುವುದು ತಂದೆಯ ನಂಬರು, ಸಂದೇಶ ಬೇಕಾಗಿರುವುದು ತಾಯಿಗೆ. ಫೋನು ಆತನ ಜೇಬಿನಲ್ಲಿ ಗದ್ದೆಯಲ್ಲಿರುತ್ತದೆ.

ಖಾಸಗಿ ಶಾಲೆಗಳ ಬಗ್ಗೆ ಇಲ್ಲಿ ವಿಸ್ತರಿಸುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಮಗುವನ್ನು ಸೇರಿಸಿಕೊಳ್ಳುವ ಮೊದಲು ತಂದೆತಾಯಿಯ ಓದು, ಇಂಗ್ಲಿಷ್ ಜ್ಞಾನ ವಿಚಾರಿಸುವ ಸಂದರ್ಶನಗಳು ಕೆಲವೆಡೆ ಇನ್ನೂ ನಡೆಯುತ್ತಿರುವುದಾಗಿ ಪೋಷಕರೇ ಹೇಳುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಸೆಕ್ಷನ್ ಇಂಥ ಪರಿಶೀಲನೆಯನ್ನು ನಿಷೇಧಿಸಿ, ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ನಂತರದ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡ ಗೊತ್ತುಮಾಡಿದೆ. ದಾಖಲಾತಿಯ ತಿಂಗಳುಗಳಲ್ಲಿ ಈ ನಿಯಮವನ್ನು ಪ್ರತಿ ಶಾಲೆಯ ಗೇಟಿನ ಮೇಲೆ ಕನ್ನಡದಲ್ಲಿ ಬರೆಸಿದರೆ ಸಾಕು, ಉಳಿದದ್ದನ್ನು ಪೋಷಕರು ನೋಡಿಕೊಳ್ಳುತ್ತಾರೆ.

ಶಾಲೆಗೆ ಬರುವ ಮೊದಲಿನ ಮೂರು ವರ್ಷಗಳೂ ನಮ್ಮ ಕೈತಪ್ಪಿವೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಐವತ್ತು ವರ್ಷಗಳ ನಂತರವೂ ಅಂಗನವಾಡಿಗೆ ತಾಯಂದಿರನ್ನು ಕರೆಯುವುದು ಹೆಚ್ಚಾಗಿ ತೂಕ ನೋಡಲು, ಮೊಟ್ಟೆ ಮತ್ತು ಆಹಾರದ ಪೊಟ್ಟಣ ಕೊಡಲು. ಮಗು ಅಲ್ಲಿ ಹಾಡಿದ್ದನ್ನು, ಬಣ್ಣ ಹಚ್ಚಿದ್ದನ್ನು, ಜೊತೆಯವರೊಡನೆ ಹೇಗೆ ಬೆರೆಯುತ್ತದೆ ಎಂಬುದನ್ನು ಹೇಳುವ ವ್ಯವಧಾನ ಕಾರ್ಯಕರ್ತೆಯರಿಗೆ ಉಳಿದಿಲ್ಲ. ಅಂಗನವಾಡಿ ಬೇರೆ ಇಲಾಖೆಗೆ ಸೇರಿದ್ದೆಂದು ನನಗೂ ಗೊತ್ತು. ಮಗು ಮಾತ್ರ ಅದೇ, ಎಷ್ಟೋ ಊರುಗಳಲ್ಲಿ ಗೋಡೆಯೂ ಅದೇ.

ಶಿಕ್ಷಕರ ಮೇಲಿನ ಹೊರೆಯನ್ನು ಮರೆತು ಇದನ್ನೆಲ್ಲ ಬರೆದಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ದಸರಾ ರಜೆಯಲ್ಲೂ ಮನೆ ಮನೆ ಸುತ್ತಿದವರು ಅವರೇ. ಮತದಾರರ ಪಟ್ಟಿ ಹಿಡಿದು ಬಾಗಿಲು ತಟ್ಟುವವರೂ ಅವರೇ. ಸರ್ಕಾರದ ಪ್ರಶ್ನಾವಳಿ ಹಿಡಿದು ಊರಿನ ಪ್ರತಿಯೊಂದು ಮನೆಯ ಹೊಸ್ತಿಲವರೆಗೆ ಹೋಗಬಲ್ಲ ಶಿಕ್ಷಕರು, ಮಗುವಿನ ನೋಟ್‌ಬುಕ್ ಹಿಡಿದು ಅದೇ ಹೊಸ್ತಿಲಿಗೆ ಹೋಗಲು ಬಿಡುವಿಲ್ಲದಂತಾಗಿರುವುದು ಅವರ ತಪ್ಪಲ್ಲ. ಆದ್ದರಿಂದಲೇ ಈ ಕೋರಿಕೆಗಳನ್ನು ಶಿಕ್ಷಕರ ಮುಂದಿಡದೆ ತಮ್ಮ ಮುಂದಿಡುತ್ತಿದ್ದೇನೆ.

ಒಂದರಿಂದ ಮೂರನೆಯ ತರಗತಿಯ ಪೋಷಕರ ಸಭೆಗಳ ದಿನ ಮತ್ತು ಹೊತ್ತನ್ನು ಆಯಾ ಊರಿನ ದುಡಿಮೆಯನ್ನು ನೋಡಿ ಗೊತ್ತುಮಾಡುವ ಅಧಿಕಾರವನ್ನು ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಕೊಡಬೇಕು. ಸಂಜೆಯೋ ಭಾನುವಾರವೋ ಸಭೆ ನಡೆಸಿದ ಶಿಕ್ಷಕರಿಗೆ ಅದಕ್ಕೆ ಬದಲಾಗಿ ರಜೆ ಸಿಗಬೇಕು. ಇದು ಬಾಯಿಮಾತಿನಲ್ಲಿ ಉಳಿದರೆ ಯಾವ ಶಿಕ್ಷಕಿಯೂ, ಅದರಲ್ಲೂ ದೂರದಿಂದ ಬಸ್ಸಿನಲ್ಲಿ ಬಂದು ಹೋಗುವವರು, ಸಂಜೆ ಉಳಿಯಲಾರರು. ಪೇಟೆಯ ಶಾಲೆಗೆ ಭಾನುವಾರ, ಹಳ್ಳಿಗೆ ಡೇರಿಯ ಹೊತ್ತು, ಹೀಗೆ ಬೇರೆ ಬೇರೆಯಾಗಿರಲಿ. ಎಲ್ಲ ಶಾಲೆಗಳಲ್ಲೂ ಒಂದೇ ದಿನ ಒಂದೇ ಹೊತ್ತಿಗೆ ನಡೆಸಿ ಫೋಟೊ ಕಳುಹಿಸಿ ಎಂಬ ಆದೇಶ ಬೇಡ.

ಸಭೆಯ ಮೊದಲ ಮಾತು ಕಲಿಕೆಯದೇ ಆಗಬೇಕೆಂದು, ಅನುದಾನ, ಕಟ್ಟಡ, ವಂತಿಗೆಗಳ ಮಾತು ಎಸ್‌ಡಿಎಂಸಿಯ ಬೇರೆ ಸಭೆಗೆ ಹೋಗಬೇಕೆಂದು ಸುತ್ತೋಲೆ ಹೊರಡಿಸಬೇಕು. ಪ್ರತಿ ಮಗುವಿನ ಪೋಷಕರ ಜೊತೆ, ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು, ಐದು ನಿಮಿಷವಾದರೂ ಬೇರೆಯಾಗಿ ಮಾತಾಡುವುದು ಸಾಧ್ಯ. ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗಿರುವುದು ದುಃಖದ ಸಂಗತಿಯಾದರೂ, ಈ ಒಂದು ಕೆಲಸಕ್ಕೆ ಅದರಿಂದ ಅನುಕೂಲವೇ ಇದೆ. "ಪರವಾಗಿಲ್ಲ", "ಇನ್ನೂ ಸುಧಾರಿಸಬೇಕು" ಎಂಬ ಮಾತುಗಳ ಬದಲು ಮಗುವಿಗೆ ಈಗ ಏನು ಬರುತ್ತದೆ, ಮುಂದಿನದು ಏನು, ಮನೆಯವರು ಅಕ್ಷರ ಬಾರದಿದ್ದರೂ ಮಾಡಬಹುದಾದ ಒಂದು ಕೆಲಸ ಯಾವುದು ಎಂದು ಹೇಳುವ ಅಭ್ಯಾಸವನ್ನು ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತನ್ನ ತರಬೇತಿಗಳಲ್ಲಿ ಸೇರಿಸಲಿ. ಪೋಷಕರೊಡನೆ ಮಾತಾಡುವುದೂ ಕಲಿಯಬೇಕಾದ ವಿದ್ಯೆ. ಇಂಗ್ಲಿಷ್ ಕಲಿಸಲು, ಗಣಿತದ ಕಿಟ್ ಬಳಸಲು ತರಬೇತಿ ಕೊಡುವ ನಾವು ಇದಕ್ಕೆ ಕೊಡುವುದೇ ಇಲ್ಲ.

ಸಹಿಯ ಪುಸ್ತಕ ಬೀದಿ ಸುತ್ತುವುದು ನಿಲ್ಲಬೇಕು. ಹಾಜರಾತಿ ಕಡಿಮೆಯೆಂದು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯವರೋ ಮೇಲಿನವರೋ ಗದರುವುದರಿಂದಲೇ ಪುಸ್ತಕ ಬೀದಿಗೆ ಇಳಿಯುತ್ತದೆ. ಬಂದವರು ಒಂಬತ್ತು ಮಂದಿಯಾದರೆ ಒಂಬತ್ತೆಂದೇ ಬರೆಯಲಿ, ಬಾರದವರು ಏಕೆ ಬರಲಿಲ್ಲ ಎಂಬುದನ್ನು ಒಂದು ಸಾಲು ಬರೆಯಲಿ. ಆ ಕಾರಣಗಳನ್ನು ಜಿಲ್ಲೆಯ ಮಟ್ಟದಲ್ಲಿ ಒಟ್ಟುಗೂಡಿಸಿ ನೋಡಿದರೆ ಯಾವ ಹೋಬಳಿಯಲ್ಲಿ ಯಾವ ಹೊತ್ತು ಸರಿ ಎಂಬುದು ತಮಗೇ ತಿಳಿಯುತ್ತದೆ. ಕರೆಯೋಲೆಯಲ್ಲಿ ತಂದೆಯ ಹೆಸರೂ ತಾಯಿಯ ಹೆಸರೂ ಇರಲಿ. ವಾಟ್ಸಾಪ್ ಸಂದೇಶವನ್ನು ಶಿಕ್ಷಕರು ತಮ್ಮದೇ ದನಿಯಲ್ಲಿ, ಕನ್ನಡದಲ್ಲಿ, ಅರ್ಧ ನಿಮಿಷ ಹೇಳಿ ಕಳುಹಿಸಲಿ, ಓದಲಾರದವರೂ ಕೇಳಿಸಿಕೊಳ್ಳುತ್ತಾರೆ.

ತಮ್ಮ ಒಬ್ಬರ ಕೈಯಲ್ಲಿ ಆಗದ ಎರಡು ಕೆಲಸಗಳಿವೆ. ಗಾರ್ಮೆಂಟ್ಸ್ ಆಡಳಿತ ಮಂಡಳಿಗಳು ಚಿಕ್ಕ ಮಕ್ಕಳ ತಾಯಂದಿರಿಗೆ ವರ್ಷಕ್ಕೆ ಎರಡು ಸಲ, ಸಂಬಳ ಕಡಿಯದೆ, ಅರ್ಧ ದಿನದ ಬಿಡುವು ಕೊಡುವಂತೆ ಜಿಲ್ಲಾಡಳಿತ ಮತ್ತು ಕಾರ್ಮಿಕ ಇಲಾಖೆಯ ಮೂಲಕ ತಾವು ಮಾತಾಡಬೇಕು. ಅಂಗನವಾಡಿಯಿಂದ ಒಂದನೆಯ ತರಗತಿಗೆ ಬರುವ ಮಕ್ಕಳ ಪೋಷಕರನ್ನು ಜೂನ್ ತಿಂಗಳಲ್ಲಿ ಕಾರ್ಯಕರ್ತೆ ಮತ್ತು ಶಿಕ್ಷಕಿ ಇಬ್ಬರೂ ಕೂಡಿ ಒಮ್ಮೆ ಭೇಟಿಯಾಗುವಂತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೊಡನೆ ಜಂಟಿ ಆದೇಶ ಮಾಡಬೇಕು. ಕಬ್ಬು ಕಡಿಯಲು ಹೊರ ಜಿಲ್ಲೆಗಳಿಂದ, ಆಲೆಮನೆಗಳ ಕೆಲಸಕ್ಕೆ ಹೊರ ರಾಜ್ಯಗಳಿಂದ ಬಂದವರ ಮಕ್ಕಳು ಯಾವ ಸಭೆಯ ಪಟ್ಟಿಯಲ್ಲೂ ಇರುವುದಿಲ್ಲ. ಅವರ ಗುಡಿಸಲುಗಳ ಬಳಿಗೆ ಹಂಗಾಮಿನಲ್ಲಿ ಒಮ್ಮೆಯಾದರೂ ಸಿಆರ್‌ಪಿಗಳು ಹೋಗಿ ತಂದೆತಾಯಿಯ ಜೊತೆ ಮಾತಾಡುವಂತಾಗಲಿ.

ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಮೊದಲೇ ಈ ಸುತ್ತೋಲೆ ಬಂದರೆ ವರ್ಷದ ಮೊದಲ ಸಭೆಯಿಂದಲೇ ಬದಲಾವಣೆ ಮಾಡಬಹುದು. ಇಡೀ ಜಿಲ್ಲೆಗೆ ಒಮ್ಮೆಗೇ ಕಷ್ಟವೆನಿಸಿದರೆ ಒಂದು ಕ್ಲಸ್ಟರಿನಲ್ಲಿ ಒಂದು ವರ್ಷ ನಡೆಸಿ ನೋಡಿ. ನಮ್ಮ ಕ್ಲಸ್ಟರನ್ನೇ ಆರಿಸಿಕೊಂಡರೆ, ಜಗಲಿಯ ಸಭೆಗಳನ್ನು ನಡೆಸಲು ನಾನೂ ನನ್ನಂತೆ ನಿವೃತ್ತರಾಗಿರುವ ಕೆಲವು ಸಹೋದ್ಯೋಗಿಗಳೂ ಯಾವ ಸಂಭಾವನೆಯನ್ನೂ ಬಯಸದೆ ಶಿಕ್ಷಕರ ಜೊತೆ ಕೂರಲು ಸಿದ್ಧರಿದ್ದೇವೆ. ನನ್ನ ಹೆಸರು, ವಿಳಾಸ ತಮ್ಮ ಕಚೇರಿಗೆ ಸಲ್ಲಿಸಿರುವ ಪ್ರತಿಯಲ್ಲಿದೆ. ಉತ್ತರವನ್ನು ನನಗೆ ಕಳುಹಿಸುವುದಕ್ಕಿಂತ ಶಾಲೆಗಳ ಸೂಚನಾ ಫಲಕಕ್ಕೆ ಕಳುಹಿಸಿದರೆ ಹೆಚ್ಚು ಸಂತೋಷ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಮಂಡ್ಯ ತಾಲ್ಲೂಕು.

ಪ್ರತಿಗಳು: ಜಿಲ್ಲೆಯ ಎಲ್ಲ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಡಯಟ್ ಪ್ರಾಂಶುಪಾಲರಿಗೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರಿಗೆ, ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಗಳಿಗೆ, ಸಂಜೆಯ ಹೊತ್ತು ಜಾಗ ಕೊಡುವ ಕೋರಿಕೆಯೊಂದಿಗೆ.